ಆಫ್ರಿಕಾದ ಹೊಸ ದೇಶಗಳು: ಸ್ಟಾಂಪು ಬಿಟ್ಟು ಕವರ್ ಹಿಡಿದೆ, ಪದಕ ಬಂತು

"ಸ್ವಾತಂತ್ರ್ಯ ಬಂದ ತಾರೀಖಿನ ಪ್ರಕಾರ ಜೋಡಿಸು, ಎಲ್ಲರೂ ಹಾಗೇ ಮಾಡೋದು" ಅಂತ ನಮ್ಮ ಸ್ಟಾಂಪು ಸಂಗ್ರಹಕಾರರ ಸಂಘದ ಹಿರಿಯರು ಹೇಳುತ್ತಲೇ ಇದ್ದರು. ನಾನು ಕೇಳಲಿಲ್ಲ. ಯಾವ ದೇಶವನ್ನು ಹೊರಗಿನವರು ಯಾವಾಗ ಒಪ್ಪಿಕೊಂಡರು ಅನ್ನೋದರ ಮೇಲೇ ಪ್ರದರ್ಶನದ ಒಂದು ಫ್ರೇಮಿಗೆ 16 ಹಾಳೆ ಜೋಡಿಸಿದೆ. ಹೋದ ವರ್ಷ ಅದಕ್ಕೇ ಬೆಳ್ಳಿ ಪದಕ ಬಂತು.

ಘಾನಾ ಸುಲಭ. 1957ರಲ್ಲಿ ಬ್ರಿಟನ್ನೇ ಅಧಿಕಾರ ಬಿಟ್ಟುಕೊಟ್ಟಿತು, ಒಂದು ಹಾಳೆಗೆ ಮುಗಿಯಿತು. ಕಷ್ಟ ಇರೋದು ತಕರಾರಿನ ದೇಶಗಳಲ್ಲಿ.

ನೈಜೀರಿಯಾದಿಂದ ಬೇರೆಯಾಗಲು ಹೊರಟಿದ್ದ ಬಿಯಾಫ್ರಾದಲ್ಲಿ ದುಡ್ಡು ಕಳೆದುಕೊಂಡೆ. ಸುಮಾರು 4 ಸಾವಿರ ಕೊಟ್ಟು ಅಲ್ಲಿನ ಸ್ಟಾಂಪು ಅಂಟಿಸಿದ ಒಂದು ಕವರ್, ಅಂದರೆ ಅಂಚೆಯಲ್ಲಿ ಹೋದ ಲಕೋಟೆ, ತಂದೆ. ಮನೆಗೆ ಬಂದು ಲೆನ್ಸ್ ಇಟ್ಟರೆ ಸೀಲಿನಲ್ಲಿ 1967. ಬಿಯಾಫ್ರಾದ ಮೊದಲ ಸ್ಟಾಂಪು ಬಂದದ್ದೇ 1968ರಲ್ಲಿ! ಟಾಂಜಾನಿಯಾ ಅವರನ್ನು ಒಪ್ಪಿದ್ದೂ ಅದೇ ವರ್ಷ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಟ್ರಾನ್ಸ್‌ಕೈ ಸೆಟ್‌ಗಳಿಗೂ ಒಂದೂವರೆ ಸಾವಿರದ ಹತ್ತಿರ ಹಾಕಿದ್ದೆ. ಚೆಂದದ ಸ್ಟಾಂಪುಗಳು. ಆದರೆ ಆ ದೇಶವನ್ನು ಒಪ್ಪಿದ್ದು ಅದನ್ನು ಹುಟ್ಟುಹಾಕಿದ ದಕ್ಷಿಣ ಆಫ್ರಿಕಾ ಮತ್ತು ಅದೇ ಹುಟ್ಟುಹಾಕಿದ ಅಂಥ ಬೇರೆ ತುಂಡು ದೇಶಗಳು ಮಾತ್ರ. ಬರೀ ಸ್ಟಾಂಪು ಆ ಕಥೆ ಹೇಳಲ್ಲ, ತೆಗೆದುಬಿಟ್ಟೆ.

ದಾರಿ ತೋರಿಸಿದ್ದು ರೊಡೇಷಿಯಾ, ಈಗಿನ ಜಿಂಬಾಬ್ವೆ. 1965ರ ನವೆಂಬರ್ 11ಕ್ಕೆ ಅಲ್ಲಿನ ಬಿಳಿಯರ ಸರ್ಕಾರ ತಾನೇ ಸ್ವಾತಂತ್ರ್ಯ ಸಾರಿಕೊಂಡು, ಆ ತಾರೀಖನ್ನು ಸ್ಟಾಂಪಿನ ಮೇಲೆ ಅಚ್ಚು ಹಾಕಿಸಿತು. ಬ್ರಿಟನ್ ಆ ಸ್ಟಾಂಪನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ನನ್ನ ಕವರಿನಲ್ಲಿ ಅಂಟಿಸಿದ ಸ್ಟಾಂಪು ಇದೆ, ಪಕ್ಕದಲ್ಲೇ ಅಂಚೆ ದುಡ್ಡು ಬಾಕಿ ಅಂತ ಹೇಳುವ 'ಟಿ' ಮೊಹರು, ಕೆಳಗೆ ಬ್ರಿಟನ್ನಿನ ಬಾಕಿ ಸ್ಟಾಂಪು. ಕಾಗದ ತಲುಪಿದವರೇ ದುಡ್ಡು ಕಟ್ಟಿದ್ದಾರೆ. ಮಾನ್ಯತೆ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ತೀರ್ಪುಗಾರರು ಜಾಸ್ತಿ ಹೊತ್ತು ನಿಂತದ್ದು ಗಿನಿ-ಬಿಸಾವ್ ಹಾಳೆ ಮುಂದೆ. ಹೋರಾಟಗಾರರು 1973ರ ಸೆಪ್ಟೆಂಬರ್‌ನಲ್ಲೇ ಸ್ವಾತಂತ್ರ್ಯ ಸಾರಿದರು, ಎಷ್ಟೋ ದೇಶಗಳು ಒಪ್ಪಿಯೂ ಆಯಿತು. ಅಲ್ಲಿ ಆಳುತ್ತಿದ್ದ ಪೋರ್ಚುಗಲ್ ಒಪ್ಪಿದ್ದು 1974ರ ಸೆಪ್ಟೆಂಬರ್ 10ಕ್ಕೆ. ನಡುವಿನ ಆ ವರ್ಷದ್ದೇ ಕವರ್ ಬೇಕಿತ್ತು. ಸಿಕ್ಕಿತು: ಪೋರ್ಚುಗೀಸ್ ಸ್ಟಾಂಪು, ಬಿಸಾವ್ ಸೀಲು, 1974ರ ಫೆಬ್ರವರಿ. 60 ರೂಪಾಯಿಯೋ 70 ರೂಪಾಯಿಯೋ ಕೊಟ್ಟೆ. ಮಾರಿದವರಿಗೆ ಅದು ಬರೀ ಹಳೇ ಲಕೋಟೆ. ಅಗ್ಗದ ಡಬ್ಬದಲ್ಲಿ ಏನು ಗುರುತು ಹಿಡಿದು ಹುಡುಕುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ, ಇನ್ನೊಂದು ಫ್ರೇಮ್ ಬಾಕಿ ಇದೆ.

ಅದು ಪಶ್ಚಿಮ ಸಹಾರಾದ್ದು. ಅಲ್ಲಿನ ಸಹ್ರಾವಿ ಗಣರಾಜ್ಯವನ್ನು ಭಾರತ 1985ರಲ್ಲಿ ಒಪ್ಪಿತು, 2000ದಲ್ಲಿ ಹಿಂದೆ ತಗೊಂಡಿತು. ಆ 15 ವರ್ಷದಲ್ಲಿ ದೆಹಲಿಯ ಅವರ ರಾಯಭಾರ ಕಚೇರಿಯ ವಿಳಾಸಕ್ಕೆ ಹೋದ ಒಂದು ಕವರ್ ಸಾಕು. ಯಾರ ಹತ್ತಿರವಾದರೂ ಇದ್ದರೆ ಹೇಳಿ, ರೇಟು ಮಾತಾಡೋಣ.