ಎಲಿಮೆಂಟಿಗೂ ಬೇಕು ಹಿಸ್ಸಾ ನಂಬರ್

ನೇತ್ರಾವತಿ, ಗುರುಪುರ ನದಿಗಳು ಒಟ್ಟಾಗಿ ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ಹೂಳು ಹೇಗೆ ಸರಿಯುತ್ತದೆ ಎಂದು ನೋಡಲು ನಾನೇ ಒಂದು ಕಂಪ್ಯೂಟರ್ ಸಿಮ್ಯುಲೇಷನ್ ಬರೆದಿದ್ದೆ. ಅದರಲ್ಲಿ ಇಡೀ ಜಾಗ ಸಣ್ಣ ಸಣ್ಣ ತ್ರಿಕೋನಗಳ ಬಲೆ, ಅದೇ ಮೆಶ್; ಒಂದೊಂದು ತ್ರಿಕೋನ ಒಂದು ಎಲಿಮೆಂಟ್. ನೀರಿನ ಸೆಳೆತ ಜೋರಾದ ಕಡೆ ಮೆಶ್‌ನ ತ್ರಿಕೋನ ನಾಲ್ಕಾಗಿ ಒಡೆಯುತ್ತದೆ, ಸೆಳೆತ ಇಳಿದರೆ ಮತ್ತೆ ಒಂದಾಗುತ್ತದೆ.

ಒಂದು ದಿನ ಬೆಂಗ್ರೆ ಬದಿಯ ಹೂಳು ಒಂದೇ ಹೆಜ್ಜೆಯಲ್ಲಿ ಉಳ್ಳಾಲದ ಬದಿಗೆ ಹೋಗಿ ಕೂತಿತು. ಎರಡು ದಿನ ಸೂತ್ರಗಳನ್ನೇ ತಡಕಾಡಿದೆ. ತಪ್ಪಿದ್ದದ್ದು ನಂಬರಿನಲ್ಲಿ. ಮೆಶ್ ಬದಲಾದಾಗಲೆಲ್ಲ ಎಲಿಮೆಂಟುಗಳಿಗೆ 0ಯಿಂದ ಹೊಸ ನಂಬರ್ ಬೀಳುತ್ತಿತ್ತು. ಅದು ಬೇಕಾದದ್ದೇ. ಅಕ್ಕಪಕ್ಕದವಕ್ಕೆ ಹತ್ತಿರದ ನಂಬರ್ ಸಿಕ್ಕರೆ ಲೆಕ್ಕ ಹಗುರಾಗುತ್ತದೆ, ನಂಬರುಗಳನ್ನು ಮರುಜೋಡಿಸುವ 1969ರ ಕಟ್‌ಹಿಲ್–ಮೆಕೀ ವಿಧಾನ ನಿಂತಿರುವುದೂ ಇದರ ಮೇಲೆಯೇ. ಆದರೆ ಹೂಳಿನ ದಪ್ಪವನ್ನೂ ನಾನು ಅದೇ ನಂಬರಿನಡಿ ಬರೆದಿಟ್ಟಿದ್ದೆ. ಕೂತ ಜಾಗದ ನಂಬರನ್ನೇ ಹೆಸರೆಂದು ತಿಳಿದದ್ದು ನನ್ನ ತಪ್ಪು.

ದಾರಿ ಹೊಳೆದದ್ದು ಮನೆಯ ಆರ್‌ಟಿಸಿ ನೋಡುವಾಗ. 45ನೇ ಸರ್ವೆ ನಂಬರ್ ಪಾಲಾದರೆ 45/1, 45/2 ಎಂದು ಹಿಸ್ಸಾ ನಂಬರ್ ಬೀಳುತ್ತದೆ, ಪಕ್ಕದ 46ಕ್ಕೆ ಏನೂ ಆಗುವುದಿಲ್ಲ. ಹಾಗೆಯೇ ಮೂಲ ಮೆಶ್‌ನ ನಂಬರಿನ ಮುಂದೆ, ಒಡೆದಾಗಲೆಲ್ಲ 0ಯಿಂದ 3ರೊಳಗಿನ ಒಂದು ಅಂಕೆ ಸೇರಿಸಿದೆ: 812, 812/1, 812/1/2. ಮತ್ತೆ ಕೂಡಿದಾಗ ಕೊನೆಯ ಅಂಕೆ ತೆಗೆದರೆ ತಾಯಿಯ, ಅಂದರೆ ಒಡೆಯುವ ಮುಂಚಿನ ತ್ರಿಕೋನದ, ಐಡಿ ಸಿಗುತ್ತದೆ. ಇಂಥ ಮೆಶ್ ಲೆಕ್ಕಗಳಿಗೆಂದೇ ಇರುವ ಡೀಲ್.ಟೂ ಲೈಬ್ರರಿಯ ಸೆಲ್‌ಐಡಿಯೂ ಇದೇ ಬಗೆಯದು. ಎಲ್ಲವನ್ನೂ 64 ಬಿಟ್‌ನಲ್ಲಿ ಹಿಡಿಸಿದೆ: ಮೂಲ ನಂಬರಿಗೆ 32, ಎಷ್ಟು ಸಲ ಒಡೆದಿದೆ ಎಂಬುದಕ್ಕೆ 4, ಉಳಿದ 28ರಲ್ಲಿ ಸಲಕ್ಕೆ 2ರಂತೆ 14 ಹಂತ. ಆ 4 ಬಿಟ್ ಬಿಟ್ಟರೆ 812 ಮತ್ತು 812/0 ಒಂದೇ ಆಗಿಬಿಡುತ್ತವೆ, ಇದನ್ನು ಮರೆಯಬಾರದು.

ಮೆಶ್ಅನ್ನು ಹಂಚಿ, ಒಟ್ಟಿಗೆ ನಡೆಯುವ ನಾಲ್ಕು ಪ್ರೊಸೆಸ್‌ಗಳಲ್ಲಿ ಓಡಿಸಿದಾಗಲೂ ಎಲಿಮೆಂಟುಗಳಿಗೆ ತೊಂದರೆಯಾಗಲಿಲ್ಲ, ಯಾರೂ ಯಾರನ್ನೂ ಕೇಳದೆ ಐಡಿ ಕೊಡಬಹುದು. ಕಷ್ಟ ಕೊಟ್ಟದ್ದು ನೋಡ್‌ಗಳು, ಅಂದರೆ ತ್ರಿಕೋನದ ಮೂಲೆಯ ಬಿಂದುಗಳು. ತ್ರಿಕೋನ ಒಡೆದಾಗ ಅಂಚಿನ ನಡುವೆ ಹುಟ್ಟುವ ನೋಡ್ ಅಂಚಿನ ಆಚೀಚೆಯ ಎರಡು ಎಲಿಮೆಂಟುಗಳಿಗೂ ಸೇರಿದ್ದು, ಅದಕ್ಕೆ ಒಬ್ಬಳೇ ತಾಯಿ ಇಲ್ಲ. ಇಲ್ಲಿ ಲಿಬ್‌ಮೆಶ್ ಎಂಬ ಇನ್ನೊಂದು ಲೈಬ್ರರಿಯಲ್ಲಿ ಕಂಡ ಉಪಾಯ ಹಿಡಿದೆ, ಅಂದರೆ ಬಿಟ್ಟು ಬಿಟ್ಟು ಎಣಿಸುವುದು. ಮೊದಲ ಪ್ರೊಸೆಸ್ 0, 4, 8 ಎಂದು ಕೊಟ್ಟರೆ ಎರಡನೆಯದು 1, 5, 9 ಎಂದು ಕೊಡುತ್ತದೆ, ಎಂದೂ ಡಿಕ್ಕಿಯಾಗದು. ಎರಡು ಪ್ರೊಸೆಸ್‌ಗಳ ಗಡಿಯಲ್ಲಿ ಮಾತ್ರ ಒಂದೇ ನೋಡ್ ಎರಡೂ ಕಡೆ ಹುಟ್ಟುತ್ತದೆ. ಅಂಚಿನ ಎರಡು ತುದಿಗಳ ಐಡಿ ಹೋಲಿಸಿ ಗುರುತು ಹಿಡಿಯುತ್ತೇನೆ, ಸಣ್ಣ ನಂಬರಿನ ಪ್ರೊಸೆಸ್ ಕೊಟ್ಟದ್ದೇ ಉಳಿಯುತ್ತದೆ.

ಓಟ ನಿಲ್ಲಿಸಿ ಮತ್ತೆ ಶುರು ಮಾಡುವವರಿಗೆ ಒಂದು ಮಾತು: ಮುಂದೆ ಕೊಡಬೇಕಾದ ಐಡಿಯನ್ನೂ ಫೈಲಿನಲ್ಲಿ ಉಳಿಸಿ. ಇಲ್ಲದಿದ್ದರೆ ಅಳಿದುಹೋದ ನೋಡ್‌ನ ಐಡಿ ಹೊಸದಕ್ಕೆ ಸಿಕ್ಕಿ ಹಳೆಯ ದಾಖಲೆ ಅದಕ್ಕೆ ಅಂಟಿಕೊಳ್ಳುತ್ತದೆ. ನಾಲ್ಕರ ಬದಲು ಎಂಟು ಪ್ರೊಸೆಸ್ ಹಾಕುವುದಾದರೆ ಈವರೆಗೆ ಕೊಟ್ಟ ಅತಿ ದೊಡ್ಡ ಐಡಿಯಿಂದಾಚೆಗೆ, ಎಂಟರ ಅಂತರದಲ್ಲಿ ಎಣಿಕೆ ಶುರುಮಾಡಿ.