ಮೊದಲ ಟ್ರ್ಯಾಕ್ ಡೇಗೆ ಸ್ವಿಫ್ಟ್‌ನ ಬ್ರೇಕ್ ಸಿದ್ಧ ಮಾಡಿದ್ದು ಹೀಗೆ

ಬೆಂಗಳೂರಿನಿಂದ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೊರಡುವವರು ಸಾಮಾನ್ಯವಾಗಿ ಹೋಗುವುದು ಎರಡು ಕಡೆ: ಕೊಯಮತ್ತೂರು ಹತ್ತಿರ ಚೆಟ್ಟಿಪಾಳಯದ ಕರಿ ಮೋಟಾರ್ ಸ್ಪೀಡ್‌ವೇ, ಇಲ್ಲವೇ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯ ಟ್ರ್ಯಾಕ್. ಯಾವುದಕ್ಕೆ ಹೋದರೂ ಮುನ್ನೂರು ಕಿಲೋಮೀಟರಿಗೂ ಮೇಲಿನ ಮಾತು. ಟ್ರಕ್ ಮೇಲೆ ಕಾರು ಹೊರಿಸಿಕೊಂಡು ಹೋಗುವಷ್ಟು ದೊಡ್ಡ ಸಂಸಾರ ನಮ್ಮದಲ್ಲ. ಅದೇ ಕಾರಿನಲ್ಲಿ ಹೋಗಬೇಕು, ಸಂಜೆ ಅದೇ ಕಾರಿನಲ್ಲಿ ವಾಪಸ್ ಬರಬೇಕು. ಬ್ರೇಕಿಗೆ ಏನು ಹಾಕಬೇಕು, ಏನು ಹಾಕಬಾರದು ಅನ್ನುವುದನ್ನು ನಾನು ತೀರ್ಮಾನಿಸಿದ್ದು ಈ ಲೆಕ್ಕದ ಮೇಲೇ. ಕಾರು ಪೆಟ್ರೋಲ್ ಸ್ವಿಫ್ಟ್. ಮುಂದೆ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬಿಲ್ಲೆಯನ್ನು ಕ್ಯಾಲಿಪರ್ ಎರಡು ಪ್ಯಾಡ್‌ಗಳ ನಡುವೆ ಅದುಮುತ್ತದೆ. ಹಿಂದೆ ಡ್ರಮ್, ಅಲ್ಲಿ ತಿರುಗುವ ಡ್ರಮ್ಮಿನ ಒಳಮೈಗೆ ಶೂಗಳು ಒತ್ತುತ್ತವೆ.

ಮೊದಲು ಬಿಸಿಯ ಲೆಕ್ಕ. ಕಾರು, ಓಡಿಸುವವರು, ಪೆಟ್ರೋಲ್ ಎಲ್ಲ ಸೇರಿ 1000 ಕೆಜಿ ಅಂದುಕೊಳ್ಳಿ. 130 ಕಿ.ಮೀ. ವೇಗದಿಂದ 50ಕ್ಕೆ ಇಳಿಸಿದರೆ ಸುಮಾರು 555 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೋಗಬೇಕು. ಅದರ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕಿನ ತಲೆಗೆ ಬರುತ್ತದೆ, ಅಂದರೆ ತಲಾ ಇನ್ನೂರು ಕಿಲೋಜೂಲ್ ಚಿಲ್ಲರೆ. 5 ಕೆಜಿಯ ಬೀಡುಕಬ್ಬಿಣದ ಡಿಸ್ಕ್ ಒಂದೇ ಬ್ರೇಕಿಗೆ 80 ಡಿಗ್ರಿಯಷ್ಟು ಏರಲು ಇಷ್ಟು ಸಾಕು. ಊರೊಳಗೆ ಇಂಥ ಬ್ರೇಕ್ ವರ್ಷಕ್ಕೊಮ್ಮೆ ಬಿದ್ದರೆ ಹೆಚ್ಚು. ಟ್ರ್ಯಾಕಿನಲ್ಲಿ ಒಂದು ತಿರುವಿನ ಬಿಸಿ ಆರುವ ಮೊದಲೇ ಇನ್ನೊಂದು ತಿರುವು ಎದುರಿಗಿರುತ್ತದೆ. ಮೂರನೇ ಲ್ಯಾಪಿಗೆ, ಅಂದರೆ ಟ್ರ್ಯಾಕಿನ ಮೂರನೇ ಸುತ್ತಿಗೆ, ಡಿಸ್ಕ್ 400 ಡಿಗ್ರಿ ದಾಟಿದರೆ ಆಶ್ಚರ್ಯವಿಲ್ಲ.

ಈ ಬಿಸಿಗೆ ಬ್ರೇಕ್ ಎರಡು ರೀತಿಯಲ್ಲಿ ಕೈ ಕೊಡುತ್ತದೆ. ಎರಡನ್ನೂ ಕಾಲಿನಲ್ಲೇ ಗುರುತಿಸಬಹುದು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು, ಎಷ್ಟು ಒತ್ತಿದರೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತಿದ್ದರೆ, ಪೆಡಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿದೆ. ಮೊದಲನೆಯದು ನಿಧಾನವಾಗಿ, ಮುನ್ಸೂಚನೆ ಕೊಟ್ಟು ಬರುತ್ತದೆ. ಎರಡನೆಯದು ಹಾಗಲ್ಲ. ಹಿಂದಿನ ತಿರುವಿನಲ್ಲಿ ಸರಿಯಾಗಿದ್ದ ಪೆಡಲ್ ಮುಂದಿನ ತಿರುವಿಗೆ ಇರುವುದಿಲ್ಲ. ಆದ್ದರಿಂದ ನನ್ನ ಖರ್ಚಿನ ಕ್ರಮ ಇದು: ಮೊದಲು ಆಯಿಲ್, ಆಮೇಲೆ ಪ್ಯಾಡ್, ಡಿಸ್ಕ್ ಸವೆದಿದ್ದರೆ ಮಾತ್ರ ಡಿಸ್ಕ್. ಹಳೇ ಆಯಿಲ್ ಇಟ್ಟುಕೊಂಡೇ ದೊಡ್ಡ ಕ್ಯಾಲಿಪರ್ ಕಿಟ್ ವಿಚಾರಿಸುವವರನ್ನು ಕಂಡರೆ ನನಗೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆ ನೆನಪಾಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ರಬ್ಬರ್ ಹೋಸಿನ ಮೂಲಕ, ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯ ಮುಚ್ಚಳದ ಮೂಲಕ ನೀರು ಒಳಗೆ ಸೇರುತ್ತಲೇ ಇರುತ್ತದೆ. ನೀರು ಸೇರಿದಷ್ಟೂ ಕುದಿಯುವ ಮಟ್ಟ ಕೆಳಗಿಳಿಯುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ತಾಳಬೇಕೆಂಬುದು ನಿಯಮ. ಶೇ. 3.7ರಷ್ಟು ನೀರು ಸೇರಿದಾಗ ಅದರ ಮಟ್ಟ ಬರೀ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ನಾನು ಹಾಕಿದ್ದು ಮೋಟುಲ್ ಆರ್‌ಬಿಎಫ್ 600. ಅದೂ ಡಾಟ್ 4 ಜಾತಿಯದೇ, ಆದರೆ ಹೊಸದಾಗಿದ್ದಾಗ 300 ಡಿಗ್ರಿಗೂ ಮೇಲೆ ತಾಳುತ್ತದೆ. ಡಾಟ್ 3, 4, 5.1 ಮೂರೂ ಒಂದೇ ಕುಲದವು, ಡಾಟ್ 3 ಇದ್ದ ಕಾರಿಗೆ 4 ಹಾಕಬಹುದು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಮುಟ್ಟಲೇಬೇಡಿ. 5ಕ್ಕೂ 5.1ಕ್ಕೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಸೀಲ್ ನೋಡಿಕೊಳ್ಳಿ. ಒಮ್ಮೆ ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಆರು ತಿಂಗಳ ಮೇಲೆ ಟ್ರ್ಯಾಕಿಗೆ ಬಳಸುವ ಹಾಗಿಲ್ಲ. ಪೂರ್ತಿ ಬದಲಿಸಲು ಅರ್ಧ ಲೀಟರಿನ ಎರಡು ಡಬ್ಬಿ ಬೇಕು. ಒಂದೂವರೆ ಖಾಲಿಯಾಗುತ್ತದೆ, ಉಳಿದರ್ಧ ಟ್ರ್ಯಾಕಿಗೆ ಜೊತೆಗೆ ಬರುತ್ತದೆ.

ಬದಲಿಸುವ ಕೆಲಸಕ್ಕೆ ಇಬ್ಬರು ಬೇಕು. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿ, ನಾಲ್ಕೂ ಚಕ್ರ ಬಿಚ್ಚಿದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ. ಮೊದಲು ದೊಡ್ಡ ಸಿರಿಂಜಿನಿಂದ ಬಾನೆಟ್ ಕೆಳಗಿನ ಡಬ್ಬಿಯಲ್ಲಿರುವ ಹಳೇ ಆಯಿಲ್ ಎಳೆದು ತೆಗೆದು ಹೊಸದು ತುಂಬಿದೆ. ಹಾಗೆ ಮಾಡಿದರೆ ಹೊಸ ಆಯಿಲ್ ಹಳೇದನ್ನು ತಳ್ಳಿಕೊಂಡು ಹೋಗುತ್ತದೆ, ಎರಡೂ ಬೆರೆಯುವುದು ಕಡಿಮೆ. ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರ್ ನಮ್ಮಲ್ಲಿ ಬಲಗಡೆ, ಆದ್ದರಿಂದ ನಾನು ದೂರದಿಂದ ಹತ್ತಿರಕ್ಕೆ ಬಂದೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳ ಮ್ಯಾನುಯಲ್ ಬೇರೆ ಕ್ರಮ ಹೇಳುತ್ತದೆ. ಹೇಳಿದ್ದರೆ ಅದನ್ನೇ ಅನುಸರಿಸಿ.

ಪ್ರತಿ ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚಲು ರಿಂಗ್ ಸ್ಪ್ಯಾನರ್ರೇ ಬೇಕು. ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗಿ ಕೊನೆಗೆ ಕ್ಯಾಲಿಪರ್ರೇ ಬದಲಿಸಬೇಕಾದೀತು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ, ಆದರೆ ಹಿಂದಿನ ಚಕ್ರದ ಡ್ರಮ್ ಒಳಗೆ, ಮುಂದೆ ಪ್ಯಾಡ್ ಮೇಲೆ ಒಂದು ಹನಿಯೂ ಬೀಳಬಾರದು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯಲ್ಲಿರುವ ಸ್ವಲ್ಪ ಆಯಿಲಿನಲ್ಲಿ ಮುಳುಗಿರಬೇಕು. ಪೆಡಲ್ ಮೇಲಿರುವವರಿಗೆ ನಾನು ಹೇಳುವ ಮಾತು ಎರಡೇ: ‘ಒತ್ತು’, ‘ಬಿಡು’. ಅವರು ಒತ್ತಿ ಹಿಡಿದಾಗ ನಿಪ್ಪಲ್ ಕಾಲು ಸುತ್ತು ಸಡಿಲಿಸುವುದು, ಪೆಡಲ್ ಇಳಿಯುತ್ತದೆ, ಇಳಿದಲ್ಲೇ ಹಿಡಿದಿರುವಾಗ ನಿಪ್ಪಲ್ ಬಿಗಿ ಮಾಡುವುದು, ಆಮೇಲೆ ‘ಬಿಡು’. ಈ ಕ್ರಮ ತಪ್ಪಿ ನಿಪ್ಪಲ್ ತೆರೆದಿರುವಾಗಲೇ ಕಾಲೆತ್ತಿದರೆ ಗಾಳಿ ಒಳಗೆ ಹೋಗುತ್ತದೆ. ಹಳೇ ಕಾರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರಿನ ಸೀಲ್ ಎಂದೂ ಹೋಗದ ತುಕ್ಕಿನ ಜಾಗಕ್ಕೆ ಇಳಿದು ಹರಿಯುವುದು ಅದರಿಂದ ತಪ್ಪುತ್ತದೆ.

ಮೊದಲು ಬಂದ ಆಯಿಲಿನದು ಫಿಲ್ಟರ್ ಕಾಫಿಯ ಎರಡನೇ ಡಿಕಾಕ್ಷನ್ ಬಣ್ಣ. ಹಿಂದಿನ ಚಕ್ರಗಳಿಗೆ ತಲಾ 200 ಮಿ.ಲೀ. ಹೋದ ಮೇಲೆ ತಿಳಿ ಹಳದಿ ಕಂಡಿತು, ಮುಂದೆ ತಲಾ 150 ಸಾಕಾಯಿತು. ಎಂಟು ಹತ್ತು ಬಾರಿ ಒತ್ತಿದ ಮೇಲೊಮ್ಮೆ ಡಬ್ಬಿ ನೋಡಿ ತುಂಬಿಸುತ್ತಿರಿ. ಡಬ್ಬಿ ಖಾಲಿಯಾಗಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮಾಡ್ಯೂಲಿಗೆ ಗಾಳಿ ಹೊಕ್ಕರೆ ಪೆಡಲ್ ಒತ್ತಿ ತೆಗೆಯಲಾಗುವುದಿಲ್ಲ, ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಬೇಕು. ನಿಪ್ಪಲ್ ಬಿಗಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ಕೈಯಲ್ಲಿ ಶಕ್ತಿ ಇದೆಯೆಂದು ತೋರಿಸುವ ಜಾಗ ಅದಲ್ಲ. ಪೇಂಟ್ ಮೇಲೆ ಆಯಿಲ್ ಬಿದ್ದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಹಾಕಿ ತೊಳೆಯಿರಿ.

ಪ್ಯಾಡ್ ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. ಕಂಪನಿಯಿಂದ ಬಂದ ಪ್ಯಾಡ್ ಸುಮಾರು 300-350 ಡಿಗ್ರಿ ದಾಟಿದ ಮೇಲೆ ಹಿಡಿತ ಬಿಡುತ್ತದೆ. ಅಪ್ಪಟ ರೇಸ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಮುಂಜಾನೆ ಹೊಸೂರು ರಸ್ತೆಯಲ್ಲಿ ಮುಂದಿನ ಲಾರಿ ಗಕ್ಕನೆ ನಿಂತರೆ ಗತಿ? ರಸ್ತೆಗೂ ಟ್ರ್ಯಾಕಿಗೂ ನಡುವಿನ ಜಾತಿಯ, 500 ಡಿಗ್ರಿಯ ಆಸುಪಾಸು ತಾಳುವ ಪ್ಯಾಡ್ ನನ್ನ ಆಯ್ಕೆ. ಸ್ವಲ್ಪ ಕೀರಲು ಸದ್ದು, ಚಕ್ರದ ಮೇಲೆ ಕಪ್ಪು ಧೂಳು ಸಹಿಸಿಕೊಳ್ಳಬೇಕು. ಅಂಥ ಪ್ಯಾಡ್ ಸಿಗದಿದ್ದರೆ ಕಂಪನಿಯದೇ ಹೊಸ ಸೆಟ್ ಹಾಕಿ, ಮೂರು ಲ್ಯಾಪಿಗೊಮ್ಮೆ ಬಿಡುವು ಕೊಟ್ಟರೂ ಮೊದಲ ದಿನ ನಡೆಯುತ್ತದೆ. ಯಾವುದೇ ಇರಲಿ, ಮೇಲಿನ ಸವಕಲು ಪದರ 6 ಮಿ.ಮೀ.ಗಿಂತ ಕಡಿಮೆ ಇದ್ದರೆ ಟ್ರ್ಯಾಕಿಗೆ ಬೇಡ. ಪ್ಯಾಡ್ ತೆಳುವಾದಷ್ಟೂ ಬಿಸಿ ಅದನ್ನು ಒತ್ತುವ ಪಿಸ್ಟನ್‌ಗೆ, ಅಲ್ಲಿಂದ ಆಯಿಲಿಗೆ ಬೇಗ ದಾಟುತ್ತದೆ.

ಪ್ಯಾಡ್ ಬಿಚ್ಚಿದಾಗ ಒಳಗಿನದನ್ನೂ ಹೊರಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಎಡಗಡೆಯ ಜೋಡಿಯಲ್ಲಿ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ 3 ಮಿ.ಮೀ. ಹೆಚ್ಚು ಸವೆದಿತ್ತು. ಇದರ ಅರ್ಥ ಹೆಚ್ಚಾಗಿ ಒಂದೇ, ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ. ಕೆಳಗಿನ ಪಿನ್ ಎಳೆದರೆ ಒಣಗಿ ಮೇಣದಂತಾದ ಗ್ರೀಸ್, ನಡುವೆ ಕೆಂಪು ತುಕ್ಕಿನ ಉಂಗುರ. ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಆ ಒಂದು ಪ್ಯಾಡೇ ಇಬ್ಬರ ಕೆಲಸ ಮಾಡಿ ಸುಟ್ಟುಹೋಗುತ್ತದೆ. ಪಿನ್ನನ್ನು ನುಣುಪು ಎಮೆರಿಯಿಂದ ತಿಕ್ಕಿ, ರಂಧ್ರವನ್ನು ಬ್ರೇಕ್ ಕ್ಲೀನರ್ ಹಾಕಿ ತೊಳೆದು, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ ಕೂರಿಸಿದೆ. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಕೈಬೆರಳಿನಲ್ಲಿ ತಳ್ಳಿದರೆ ಪಿನ್ ಸಲೀಸಾಗಿ ಒಳಗೆ ಹೋಗಿ, ಒಳಗಿನ ಗಾಳಿಯ ಒತ್ತಡಕ್ಕೆ ತುಸು ಹಿಂದೆ ಬರಬೇಕು. ಪಿಸ್ಟನ್ ಸುತ್ತಲಿನ ರಬ್ಬರ್ ಹೊದಿಕೆ ಹರಿದಿದೆಯೇ ಅಂತ ನೋಡುವ ಸಮಯವೂ ಇದೇ. ಪಿಸ್ಟನ್ ಒಳಗೆ ತಳ್ಳುವ ಮುನ್ನ ಡಬ್ಬಿಯ ಮಟ್ಟ ಇಳಿಸಿಕೊಳ್ಳಿ, ಇಲ್ಲದಿದ್ದರೆ ಮೇಲೆ ಉಕ್ಕುತ್ತದೆ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟೆಂದು ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಕನಿಷ್ಠ 1 ಮಿ.ಮೀ. ಹೆಚ್ಚಿದ್ದರೆ ಮಾತ್ರ ನಾನು ಟ್ರ್ಯಾಕಿಗೆ ಒಪ್ಪುತ್ತೇನೆ. ಮೈಕ್ರೋಮೀಟರಿನಲ್ಲಿ ಅಳೆಯಿರಿ. ಅಂಚಿನಲ್ಲಿ ಸವೆಯದ ತುಟಿ ಇರುವುದರಿಂದ ಅಳತೆಯ ಮಾಮೂಲಿ ವರ್ನಿಯರ್ ಕ್ಯಾಲಿಪರ್ ಸುಳ್ಳು ಹೇಳುತ್ತದೆ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಬಿಸಿಗೆ ತೂತಿನಿಂದಲೇ ಬಿರುಕು ಹೊರಡುತ್ತದೆ. ಗಾಳಿ ಹಾದುಹೋಗುವ ಸಾದಾ ಡಿಸ್ಕೇ ಸಾಕು. ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಪೂರ್ತಿ ತೆಗೆದೇ ಡಿಸ್ಕ್ ಕೂರಿಸಿ. ಅಲ್ಲಿ ಒಂದು ಹರಳು ಉಳಿದರೂ ಡಿಸ್ಕ್ ಅಲುಗುತ್ತದೆ.

ಹಿಂದಿನ ಡ್ರಮ್ಮನ್ನು ಎಲ್ಲರೂ ಮರೆಯುತ್ತಾರೆ. ಬಿಚ್ಚಿ ಧೂಳನ್ನು ಬ್ರೇಕ್ ಕ್ಲೀನರಿನಿಂದ ತೊಳೆಯಿರಿ, ಏರ್ ಹೊಡೆದು ಉಸಿರಿಗೆ ತೆಗೆದುಕೊಳ್ಳಬೇಡಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ತುದಿ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಸೋರುತ್ತಿದೆ. ಬ್ರೇಕ್ ಶೂ ಡ್ರಮ್ಮಿನಿಂದ ದೂರ ನಿಂತಿದ್ದರೆ ಪೆಡಲಿನ ಅರ್ಧ ಓಟ ಅಲ್ಲೇ ವ್ಯರ್ಥವಾಗುತ್ತದೆ, ಆಯಿಲ್ ಹೊಸದಾಗಿದ್ದರೂ ಪೆಡಲ್ ಮೆತ್ತಗೆ ಅನ್ನಿಸುತ್ತದೆ. ಡ್ರಮ್ ಕೈಯಲ್ಲಿ ತಿರುಗಿಸಿದಾಗ ಹಗುರವಾಗಿ ತಾಗಿದ ಸದ್ದು ಕೇಳುವಷ್ಟು ಹತ್ತಿರಕ್ಕೆ ಅಡ್ಜಸ್ಟ್ ಮಾಡಿದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಪಳಗಿಸದೆ ಟ್ರ್ಯಾಕಿಗೆ ಹೋದರೆ, ಪ್ಯಾಡಿನಲ್ಲಿರುವ ಅಂಟು ಬಿಸಿಗೆ ಅನಿಲವಾಗಿ ಹೊರಬಂದು ಪ್ಯಾಡಿಗೂ ಡಿಸ್ಕಿಗೂ ನಡುವೆ ನಿಲ್ಲುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಮೊದಲು 200 ಕಿಲೋಮೀಟರ್ ಮೆತ್ತಗೆ ಓಡಿಸಿದೆ. ಆಮೇಲೆ ಬೆಳಗಿನ ಜಾವ, ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟು ಬಾರಿ ಗಟ್ಟಿಯಾಗಿ ಇಳಿಸಿದೆ, ಆದರೆ ಎಬಿಎಸ್ ಕೆಲಸ ಮಾಡುವಷ್ಟಲ್ಲ. ಪೂರ್ತಿ ನಿಲ್ಲಿಸಲೇಬಾರದು. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅದರ ಮಸಿ ಅಲ್ಲೊಂದೇ ಕಡೆ ಅಂಟುತ್ತದೆ. ಮುಂದೆ ಸ್ಟೀರಿಂಗ್ ನಡುಗುತ್ತದೆ, ಗ್ಯಾರೇಜಿನವರು ಡಿಸ್ಕ್ ಬಾಗಿದೆ ಅನ್ನುತ್ತಾರೆ. ಬಹುಪಾಲು ಸಲ ಬಾಗಿರುವುದಿಲ್ಲ, ಮಸಿ ಮೆತ್ತಿಕೊಂಡಿರುತ್ತದೆ. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿದೆ. ಡಿಸ್ಕಿನ ಮೈ ಒಂದೇ ಸಮ ಬೂದು-ನೀಲಿಗೆ ತಿರುಗಿದ್ದರೆ ಪಳಗಿದೆ ಎಂದರ್ಥ.

ಟ್ರ್ಯಾಕಿಗೆ ಹೋದ ಮೇಲೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ತೆಗೆದಿಟ್ಟೆ. ಅದು ಗಾಳಿಗೂ ಅಡ್ಡ, ಬಿಸಿಗೆ ಕರಗಿದರೂ ಕರಗೀತು. ಕಾರು ಜಾರದಂತೆ ನೋಡಿಕೊಳ್ಳುವ ಇಎಸ್‌ಪಿ ಇರುವ ಕಾರಾದರೆ ಅದು ತಿರುವಿನಲ್ಲಿ ತಾನೇ ಬ್ರೇಕ್ ಹಿಡಿಯುತ್ತಿರುತ್ತದೆ, ಆ ಬಿಸಿಯೂ ಲೆಕ್ಕಕ್ಕೆ ಸೇರಬೇಕು. ಹಾಗೆಂದು ಮೊದಲ ದಿನವೇ ಅದನ್ನು ಆಫ್ ಮಾಡುವುದು ಬೇಡ. ಒಂದು ಲ್ಯಾಪ್ ಬಿಸಿ ಮಾಡಲು, ಮೂರು ಲ್ಯಾಪ್ ಜೋರಾಗಿ, ಒಂದು ಲ್ಯಾಪ್ ಆರಿಸಲು, ಇಷ್ಟೇ ನಾನು ಹಾಕಿಕೊಂಡ ಮಿತಿ. ಬ್ರೇಕ್ ಗಟ್ಟಿಯಾಗಿ, ಚಿಕ್ಕದಾಗಿ ಹಿಡಿದು ಬಿಡಿ. ಹೊಸಬರು ಬೇಗ ಶುರುಮಾಡಿ ದೂರದವರೆಗೆ ಎಳೆಯುತ್ತಾರೆ, ಆಗ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇದ್ದು ಬಿಸಿಯೆಲ್ಲ ಕ್ಯಾಲಿಪರಿಗೆ ಇಳಿಯುತ್ತದೆ. ನೇರ ರಸ್ತೆಯಲ್ಲಿ ಎಡಗಾಲಿನಿಂದ ಪೆಡಲನ್ನು ಹಗುರವಾಗಿ ಒಮ್ಮೆ ಮುಟ್ಟಿ ನೋಡುವ ಅಭ್ಯಾಸ ಇರಲಿ. ಮಾಮೂಲಿಗಿಂತ ಕೆಳಗೆ ಸಿಕ್ಕಿತೆಂದರೆ ಅದೇ ಲ್ಯಾಪಿನಲ್ಲಿ ಒಳಗೆ ಬಂದುಬಿಡಿ.

ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ, ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಬಿಸಿಯಾಗಿ ಹಿಗ್ಗಿದ ಡ್ರಮ್ ಆರುತ್ತಾ ಶೂ ಮೇಲೆ ಕುಗ್ಗಿ ಬಿಗಿಯಾಗಿಬಿಡುತ್ತದೆ. ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ಅಡ್ಡೆ ಕೊಟ್ಟೆ. ನಿಂತ ಮೇಲೂ ಐದು ನಿಮಿಷಕ್ಕೊಮ್ಮೆ ಕಾರನ್ನು ಒಂದಡಿ ಮುಂದೆ ತಳ್ಳಿದರೆ ಪ್ಯಾಡಿನ ಕೆಳಗೆ ಒಂದೇ ಜಾಗ ಕಾಯುವುದು ತಪ್ಪುತ್ತದೆ. ನೀರು ಹಾಕುವ ಯೋಚನೆಯೇ ಬೇಡ, ಡಿಸ್ಕ್ ಬಿರಿಯುತ್ತದೆ. ಆರಿದ ಮೇಲೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟಕ್ಕೆ ನೋಡಿ, ಚಕ್ರದ ತೂತುಗಳಿಂದ ಟಾರ್ಚ್ ಹಾಕಿ ಪ್ಯಾಡಿನ ದಪ್ಪ ನೋಡಿ. ಡಿಸ್ಕಿನ ಮೇಲೆ ಕೂದಲೆಳೆಯಂಥ ಗೀರುಗಳಿದ್ದರೆ ಪರವಾಗಿಲ್ಲ. ಉಗುರಿಗೆ ಸಿಕ್ಕುವ, ಅಂಚಿನವರೆಗೆ ಓಡಿದ ಬಿರುಕು ಕಂಡರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು, ಆ ಡಿಸ್ಕಿನ ಮೇಲೆ ಮನೆಗೂ ಓಡಿಸಬೇಡಿ.

ಕೊನೆಯ ಸೆಷನ್ ಮುಗಿದು ಬ್ರೇಕ್ ಪೂರ್ತಿ ಆರಿದ ಮೇಲೆ, ಹೊರಡುವ ಮುನ್ನ ಎರಡೂ ಮುಂದಿನ ಕ್ಯಾಲಿಪರಿನಿಂದ ತಲಾ 50 ಮಿ.ಲೀ. ಆಯಿಲ್ ತೆಗೆದೆ. ಜೊತೆಗೆ ತಂದ ಅರ್ಧ ಡಬ್ಬಿ ಇದಕ್ಕೇ. ಬಲಗಡೆಯದರಲ್ಲಿ ಸಾಸಿವೆ ಗಾತ್ರದ ಎರಡು ಗುಳ್ಳೆ ಬಂತು, ಪೆಡಲ್ ಅರ್ಧ ಇಂಚು ಮೇಲೆ ಬಂತು. ಹೆದ್ದಾರಿಗೆ ಸೇರುವ ಮೊದಲೇ ಖಾಲಿ ಜಾಗದಲ್ಲಿ 40ರ ವೇಗದಿಂದ ಎರಡು ಬಾರಿ ನಿಲ್ಲಿಸಿ ನೋಡಿ, ಕಾರು ಯಾವ ಕಡೆಗೂ ಎಳೆಯದಿದ್ದರೆ ಹೊರಡಬಹುದು.