ಹಳೆ ಅಣೆಕಟ್ಟಿನ ರಿಪೇರಿ: ಹಿನ್ನೀರು ಇಳಿಸುವ ಮುನ್ನ ಮಾಡಬೇಕಾದ್ದು

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಹಳೆಯ ಜಲವಿದ್ಯುತ್ ಅಣೆಕಟ್ಟುಗಳಲ್ಲಿ ಗೇಟು, ಟರ್ಬೈನು, ಸವೆದ ಕಾಂಕ್ರೀಟು ಬದಲಾಯಿಸುವ ಕೆಲಸ ಬಂದಾಗ ಮೊದಲು ಕೇಳಿಬರುವ ಮಾತು, ‘ಹೊಸದಾಗಿ ಒಂದಡಿ ನೆಲವೂ ಮುಳುಗುವುದಿಲ್ಲ, ಮತ್ತೇಕೆ ಪುರಾತತ್ವ ಸರ್ವೆ?’ ಮುಳುಗುವುದಿಲ್ಲ, ನಿಜ. ಆದರೆ ರಿಪೇರಿಗೆಂದು ಹಿನ್ನೀರು ಇಳಿಸಿದ ಕೂಡಲೇ ದಶಕಗಳಿಂದ ನೀರಡಿ ಇದ್ದ ದಂಡೆ ಬಯಲಾಗುತ್ತದೆ. ಮೂಲನಿವಾಸಿಗಳ ಹಳೆಯ ಊರು, ಮೀನು ಒಣಗಿಸುವ ತಾಣ, ಒಲೆಗಳು ಇದ್ದದ್ದೇ ಆ ಹೊಳೆದಂಡೆಯಲ್ಲಿ. ಮೇಲ್ಮಣ್ಣು ಅಲೆಗೆ ಕೊಚ್ಚಿಹೋಗಿ ಕಲ್ಲಿನ ಉಪಕರಣಗಳು ಬರಿಗಣ್ಣಿಗೆ ಕಾಣುವಂತೆ ಹರಡಿಕೊಂಡಿರುತ್ತವೆ. ಒಂದು ಟ್ರಕ್ಕು ಅಡ್ಡಾಡಿದರೂ, ಕಲ್ಲು ಹೆಕ್ಕುವ ಹವ್ಯಾಸಿಗಳು ಒಂದು ಭಾನುವಾರ ಬಂದು ಹೋದರೂ ಕೆಲಸ ಕೆಟ್ಟಂತೆ.

ಒಂದೇ ಹಾಳೆಯಲ್ಲಿ ಎರಡು ಕ್ಯಾಲೆಂಡರ್

ಯಾವ ವಾರ ನೀರು ಎಷ್ಟು ಮೀಟರ್ ಇಳಿಯುತ್ತದೆ ಎಂಬ ಪಟ್ಟಿಯನ್ನು ಎಂಜಿನಿಯರುಗಳಿಂದ ಪಡೆಯಿರಿ. ಅದರ ಕೆಳಗೇ ಆ ಸೀಮೆಯ ಫಸ್ಟ್ ನೇಷನ್ (ಮೂಲನಿವಾಸಿ ಸಮುದಾಯ) ಜನರ ಋತುಮಾನ ಬರೆಯಿರಿ: ಮೀನು ಹಿಡಿಯುವ ವಾರಗಳು, ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆ, ಹಕಲ್‌ಬೆರಿ ಕೊಯ್ಲು, ಟ್ರ್ಯಾಪ್‌ಲೈನ್ ಎನ್ನುವ ಬೋನಿನ ದಾರಿಗಳು. ಈ ಎರಡನೆಯ ಸಾಲು ಕಚೇರಿಯಲ್ಲಿ ಕೂತು ತುಂಬುವಂಥದ್ದಲ್ಲ. ಸಮುದಾಯದ ಆಡಳಿತದ ಮೂಲಕ, ಸಂಭಾವನೆ ಕೊಟ್ಟು, ಹಿರಿಯರನ್ನು ಸ್ಥಳಕ್ಕೇ ಕರೆದೊಯ್ದು ಕೇಳಬೇಕು.

ಎರಡು ಸಾಲುಗಳು ಡಿಕ್ಕಿ ಹೊಡೆಯುವ ಕಡೆ ಕೆಲಸ ಶುರು. ನೀರು ಇಳಿದಾಗ ದೋಣಿ ಇಳಿಸುವ ರ‍್ಯಾಂಪಿನ ತುದಿ ಕೆಸರಿನಲ್ಲಿ ನಿಲ್ಲುತ್ತದೆ. ಕಾಂಕ್ರೀಟ್ ಹಲಗೆ ಜೋಡಿಸಿ ಮೊದಲೇ ಉದ್ದ ಮಾಡಿ. ರಸ್ತೆಗೆ ಗೇಟು ಹಾಕಿದರೆ ಬೀಗದ ಕೈ ಸಮುದಾಯದ ಬಳಿಯೂ ಇರಲಿ. ಬೇಟೆಯ ವಾರಗಳಲ್ಲಿ ಬಂಡೆ ಸಿಡಿಸುವುದು ಬೇಡ. ಹಣ್ಣಿನ ಪೊದೆ, ಔಷಧಿ ಗಿಡಗಳ ಸುತ್ತ ಕಳೆನಾಶಕ ಹೊಡೆಯದೆ ಕೈಯಿಂದಲೇ ಸವರಿ. ವಿಲಿಸ್ಟನ್‌ನಂಥ ಉತ್ತರದ ಹಿನ್ನೀರುಗಳಲ್ಲಿ, ಹಿಮ ಕರಗಿ ನೀರು ತುಂಬುವ ಮುಂಚಿನ ವಸಂತದಲ್ಲಿ ಬರಿದಾದ ದಂಡೆಯಿಂದ ಧೂಳು ಏಳುತ್ತದೆ, ಅದೂ ಹಾಳೆಯಲ್ಲಿರಲಿ.

ಬಹಳ ಜನ ಮರೆಯುವುದು ಅಣೆಕಟ್ಟಿನ ಕೆಳಗಿನ ದಡವನ್ನು. ಟರ್ಬೈನ್ ನಿಲ್ಲಿಸಿದರೆ ಅದರ ಪಾಲಿನ ನೀರು ಸ್ಪಿಲ್‌ವೇಗೆ, ಅಂದರೆ ಹೆಚ್ಚುವರಿ ನೀರು ಹೊರಬಿಡುವ ದಾರಿಗೆ, ಹೋಗುತ್ತದೆ, ಮೊದಲು ಮುಟ್ಟದ ದಡವನ್ನು ಕೊರೆಯುತ್ತದೆ. ಕೆನಿ ಅಣೆಕಟ್ಟಿನ ಹಿನ್ನೀರನ್ನು ಸ್ಕಿನ್ಸ್ ಲೇಕ್ ಸ್ಪಿಲ್‌ವೇಯಿಂದ ಬಿಟ್ಟಾಗ, 1952ರಲ್ಲಿ ಒಕ್ಕಲೆಬ್ಬಿಸಲಾಗಿದ್ದ ಚೆಸ್ಲಾಟ ಜನರ ಸಮಾಧಿಗಳೇ ಕೊಚ್ಚಿಹೋದವು.

ಇಂಥ ಹಳೆಯ ಗಾಯದ ಬಗ್ಗೆ ಒಂದು ಮಾತು. ಮೂಲನಿವಾಸಿಗಳೊಡನೆ ಸಮಾಲೋಚಿಸುವ ಸರ್ಕಾರದ ಹೊಣೆ ಹುಟ್ಟುವುದು ಹೊಸ ನಿರ್ಧಾರದ ಹೊಸ ಪರಿಣಾಮದಿಂದ, ಹಿಂದಿನ ಹಾನಿಯಿಂದಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟ್ 2010ರ ರಿಯೋ ಟಿಂಟೊ ಆಲ್ಕನ್ ತೀರ್ಪಿನಲ್ಲಿ ಹೇಳಿದೆ. ಸಭೆಯಲ್ಲಿ ಇದನ್ನೇ ಮುಂದಿಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಮೊದಲ ಸಭೆ ಪೂರ್ತಿ ಹಳೆಯ ಮುಳುಗಡೆಯ ಕುರಿತೇ ನಡೆಯಲಿ. ಹೊಸ ನಕ್ಷೆಯನ್ನು ಚೀಲದಿಂದ ತೆಗೆಯಬೇಡಿ.

ಪರವಾನಗಿ

ಪ್ರಾಂತದ ಹೆರಿಟೇಜ್ ಕನ್ಸರ್ವೇಶನ್ ಆಕ್ಟ್ (ಪರಂಪರೆ ಸಂರಕ್ಷಣಾ ಕಾಯ್ದೆ) ಪ್ರಕಾರ 1846ಕ್ಕೆ ಮುಂಚಿನ ಜನವಸತಿಯ ಕುರುಹುಗಳು ತಾವಾಗಿಯೇ ರಕ್ಷಿತ. ದಾಖಲಾಗಿರಲಿ ಬಿಡಲಿ, ಜಮೀನು ಯಾರದ್ದೇ ಇರಲಿ. ಐತಿಹಾಸಿಕ ಮಹತ್ವದ ಸಮಾಧಿ, ಬಂಡೆಚಿತ್ರಗಳಿಗೆ ಆ ಇಸವಿಯ ಮಿತಿಯಿಲ್ಲ. ಹುಡುಕಲು ಅಗೆಯುವುದಕ್ಕೆ 12.2ನೇ ಕಲಮಿನ ಪರವಾನಗಿ, ಸಿಕ್ಕಿದ್ದನ್ನು ಕದಲಿಸುವುದಕ್ಕೆ 12.4ನೇ ಕಲಮಿನದು. ಒಂದಿದ್ದರೆ ಇನ್ನೊಂದೂ ಇದ್ದಂತೆ ಎಂದು ಗುತ್ತಿಗೆದಾರರು ತಿಳಿಯುವುದುಂಟು; ತಪ್ಪಿದ ಕಂಪನಿಗೆ ದಂಡ 10 ಲಕ್ಷ ಡಾಲರ್‌ವರೆಗೆ. ರಿಸರ್ವ್ ಜಮೀನು, ಅಂದರೆ ಫಸ್ಟ್ ನೇಷನ್‌ಗೆಂದು ಮೀಸಲಿಟ್ಟ ನೆಲ, ಒಕ್ಕೂಟ ಸರ್ಕಾರದ ವ್ಯಾಪ್ತಿಗೆ ಬರುತ್ತದೆ. ಅಲ್ಲಿ ಸಮುದಾಯದ ಆಡಳಿತ ಮಂಡಳಿಯಾದ ಬ್ಯಾಂಡ್ ಕೌನ್ಸಿಲ್ ಒಪ್ಪದೆ ಗುದ್ದಲಿ ಎತ್ತಬೇಡಿ.

ನೆಲ ಓದುವುದು

ಪರೀಕ್ಷಾ ಗುಂಡಿ ಸುಮಾರು 35 ಸೆಂ.ಮೀ. ಚೌಕ, ಸಾಧ್ಯತೆ ಹೆಚ್ಚಿರುವಲ್ಲಿ 5 ಮೀಟರಿಗೊಂದು. ತೆಗೆದ ಮಣ್ಣೆಲ್ಲ 6 ಮಿ.ಮೀ. ಜರಡಿಯಲ್ಲಿ ಹಾಯಬೇಕು. ಜರಡಿಯಲ್ಲಿ ಉಳಿಯುವ ಕಲ್ಲಿನ ಚಕ್ಕೆಯ ಅಂಚು ಬ್ಲೇಡಿನಂತೆ ತೆಳುವಾಗಿ, ಏಟು ಬಿದ್ದ ಕಡೆ ಸಣ್ಣ ಉಬ್ಬು ಇರುತ್ತದೆ. ಒಲೆಯ ಕಲ್ಲು ಕೆಂಪಾಗಿ, ಮೂಲೆಮೂಲೆಯಾಗಿ ಬಿರಿದಿರುತ್ತದೆ. ಹೊಳೆಯ ಗುಂಡುಕಲ್ಲು ತಾನಾಗಿ ಹಾಗೆ ಒಡೆಯುವುದು ಅಪರೂಪ.

‘ಇದು ಅಣೆಕಟ್ಟು ಕಟ್ಟಿದಾಗಿನ ಅಂಗಳ, ಆಗಲೇ ಎಲ್ಲ ಹಾಳಾಗಿದೆ’ ಎಂದು ಬಿಟ್ಟುಬಿಡುವುದೇ ದೊಡ್ಡ ತಪ್ಪು. ಹಳೆಯ ಅಂಗಳವನ್ನು ಕೆಲವೆಡೆ ಅಗೆಯದೆ ಜಲ್ಲಿ ತುಂಬಿ ಮಾಡಿರುತ್ತಾರೆ. ಕೆಳಗೆ ಮೂಲ ನೆಲ ಕದಲದೆ ಕೂತಿರುತ್ತದೆ. ಅಲ್ಲಿ ಹಲ್ಲಿಲ್ಲದ ಬಕೆಟ್ ಹಾಕಿದ ಎಕ್ಸ್‌ಕವೇಟರಿನಿಂದ ಜಲ್ಲಿ ಸರಿಸಿ, ಮೂಲ ಮಣ್ಣು ಹತ್ತಿರವಾದಾಗ 5–10 ಸೆಂ.ಮೀ. ಪದರವಾಗಿ ಕೆರೆಸಿ. ಪುರಾತತ್ವ ತಜ್ಞರು ಬಕೆಟ್ಟಿನ ಪಕ್ಕದಲ್ಲೇ ನಿಂತಿರಬೇಕು.

ಮರಗಳನ್ನೂ ನೋಡಿ. ಮೂಲನಿವಾಸಿಗಳು ತೊಗಟೆ ಸುಲಿದ ಸೀಡರ್ ಮರದಲ್ಲಿ ಗಾಯ ಬುಡದಲ್ಲಿ ಅಗಲವಾಗಿ, ಮೇಲೆ ಹೋಗುತ್ತಾ ಚೂಪಾಗುತ್ತದೆ. ಎರಡೂ ಬದಿಯಿಂದ ಹೊಸ ಕಟ್ಟಿಗೆ ತುಟಿಯಂತೆ ಮಡಿಚಿ ಬಂದಿರುತ್ತದೆ. ಆ ತುಟಿಯ ಉಂಗುರಗಳನ್ನು ಎಣಿಸಿದರೆ ಸುಲಿದ ವರ್ಷ ಸಿಗುತ್ತದೆ. ಅದು 1846ಕ್ಕೆ ಮುಂಚಿನದಾದರೆ ಪರವಾನಗಿಯಿಲ್ಲದೆ ಗರಗಸ ಮುಟ್ಟುವಂತಿಲ್ಲ.

ಟೆಂಡರಿನಲ್ಲೇ ಬರೆಯಿರಿ

ಸಮುದಾಯದ ಮಾನಿಟರ್ (ಕೆಲಸದ ಮೇಲೆ ಕಣ್ಣಿಡುವವರು) ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ಮೇಸ್ತ್ರಿಯ ಒಪ್ಪಿಗೆಗೆ ಕಾಯುವ ಹಾಗಿರಬಾರದು. ನಿಂತ ಯಂತ್ರದ ಗಂಟೆ ದರವನ್ನು ಬಿಲ್ಲಿನ ಪಟ್ಟಿಯಲ್ಲೇ ಸೇರಿಸಿ. ಅದಿಲ್ಲದಿದ್ದರೆ ಡ್ರೈವರ್ ಕಂಡ ಮೂಳೆಯೂ ಕಾಣದಂತಾಗುತ್ತದೆ. ಮನುಷ್ಯರ ಮೂಳೆ ಸಿಕ್ಕರೆ ಕೆಲಸ ನಿಲ್ಲಿಸಿ, ಮೇಲೆ ಬಟ್ಟೆ ಹೊದಿಸಿ, ಪೊಲೀಸರಿಗೂ ಸಾವಿನ ತನಿಖೆ ಮಾಡುವ ಅಧಿಕಾರಿಯಾದ ಕರೋನರ್‌ಗೂ ತಿಳಿಸಿ. ಹಳೆಯದೆಂದು ಖಚಿತವಾದ ಮೇಲೆ ಪ್ರಾಂತ ಸರ್ಕಾರದ ಆರ್ಕಿಯಾಲಜಿ ಬ್ರ್ಯಾಂಚ್ ನೋಡಿಕೊಳ್ಳುತ್ತದೆ. ಫಸ್ಟ್ ನೇಷನ್‌ಗೆ ಅದೇ ದಿನ ಫೋನ್ ಮಾಡಿ. ಫೋಟೋ ತೆಗೆಯಬೇಡಿ.

ಗುತ್ತಿಗೆದಾರರ ನಕ್ಷೆಯಲ್ಲಿ ಸಮಾಧಿ, ಪವಿತ್ರ ಸ್ಥಳಗಳ ಹೆಸರು ಬೇಡ. ‘ಪ್ರವೇಶ ನಿಷಿದ್ಧ’ ಎಂಬ ಗೆರೆ ಸಾಕು. ಆ ಮಾಹಿತಿಯ ಒಡೆತನ ಸಮುದಾಯದ್ದೇ.

ನೀರು ಮತ್ತೆ ತುಂಬುವ ಮುನ್ನ, ಬಯಲಾದ ಒಲೆಗಳ ಮೇಲೆ ಜಿಯೋಟೆಕ್ಸ್‌ಟೈಲ್ ಎಂಬ, ಮಣ್ಣು ಹಿಡಿದಿಡುವ ಬಟ್ಟೆ ಹಾಸಿ ಗುಂಡುಕಲ್ಲು ಪೇರಿಸಿ. ಇದಕ್ಕೂ ಪರವಾನಗಿ ಬೇಕು. ಬಟ್ಟೆಯ ಅಂಚನ್ನು ಕಲ್ಲಿನಡಿ ಹೂಳದಿದ್ದರೆ ಮೊದಲ ಅಲೆಗಳೇ ಎತ್ತಿಬಿಡುತ್ತವೆ. ಗೂಟ ಬಡಿಯಲು ಹೋಗಬೇಡಿ, ಅದು ಒಲೆಯನ್ನೇ ತೂರುತ್ತದೆ.